ವಿಶ್ವೇಶ್ವರಯ್ಯನವರ ನಿಘಂಟು: ಇಂಗ್ಲಿಷ್ ಪದಸಂಪತ್ತಿನ ಪಾಠಕ್ಕೊಂದು ಜೀವನಕಥೆ

ಪಾಠಯೋಜನೆ ಬರೆಯುವಾಗ ನಾವೆಲ್ಲರೂ ಉದ್ದೇಶಗಳ ಕೆಳಗೆ ಒಂದು ಸಾಲನ್ನು ತಪ್ಪದೆ ಬರೆಯುತ್ತೇವೆ: ವಿದ್ಯಾರ್ಥಿಯು ತನ್ನ ಇಂಗ್ಲಿಷ್ ಪದಸಂಪತ್ತನ್ನು ಹೆಚ್ಚಿಸಿಕೊಳ್ಳುತ್ತಾನೆ. ಆ ಸಾಲು ತರಗತಿಗೆ ಬರುವ ಹೊತ್ತಿಗೆ ಬಹಳ ಇಳಿದುಹೋಗಿರುತ್ತದೆ. ಕಪ್ಪುಹಲಗೆಯ ಬಲಬದಿಯಲ್ಲಿ ಗೆರೆ ಎಳೆದು ಬರೆದ ಐದಾರು ಪದ, ಅವುಗಳ ಎದುರಿಗೆ ಕನ್ನಡದ ಅರ್ಥ, ಅಷ್ಟೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯ ತನಕ ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಪದಗಳೂ ಮರೆತುಹೋಗುತ್ತವೆ. ಕಷ್ಟದ ಪದವೆಂದರೆ ಉದ್ದನೆಯ ಪದ, ಅದನ್ನು ಹೇಳಬಲ್ಲವನು ಜಾಣ ಎಂಬ ನಂಬಿಕೆ ಮಾತ್ರ ಉಳಿಯುತ್ತದೆ.

ಮಂಡಿಕಲ್ಲಿನಲ್ಲಿ ಬೋಧನಾಭ್ಯಾಸಕ್ಕೆ ನಿಯೋಜನೆಯಾಗಿದ್ದ ದಿನಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಇದಕ್ಕಿಂತ ಆಳವಾದ ಇನ್ನೊಂದು ನಂಬಿಕೆಯನ್ನು ಕಂಡೆ. ಒಳ್ಳೆಯ ಇಂಗ್ಲಿಷ್ ತಮ್ಮಂಥವರಿಗೆ ಬರುವುದಿಲ್ಲ, ಅದು ಪಟ್ಟಣದ ಇಂಗ್ಲಿಷ್ ಮಾಧ್ಯಮದವರ ಸ್ವತ್ತು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಹಲವರ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಇಂಗ್ಲಿಷ್ ಮೂರನೆಯ ಮೆಟ್ಟಿಲು. ಮೂರನೆಯ ಮೆಟ್ಟಿಲಿಗೆ ಹತ್ತಲು ತಮಗೆ ಕಾಲಿಲ್ಲ ಎಂಬಂತೆ ಕುಳಿತಿದ್ದರು. ಅವರಿಗೆ ಪದಪಟ್ಟಿ ಕೊಡುವ ಮೊದಲು ಒಬ್ಬರ ಜೀವನವನ್ನು ಹೇಳಬೇಕೆನ್ನಿಸಿತು. ಅವರು ಇದೇ ಚಿಕ್ಕಬಳ್ಳಾಪುರ ತಾಲ್ಲೂಕಿನವರು, ಇದೇ ಮೂರು ಮೆಟ್ಟಿಲು ಹತ್ತಿದವರು. ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅಣೆಕಟ್ಟಿನ ಚಿತ್ರದ ಜೊತೆ ಎಲ್ಲ ಮಕ್ಕಳೂ ಬಲ್ಲರು. ನಿಘಂಟಿನ ಜೊತೆ ಬಲ್ಲವರು ಕಡಿಮೆ. ಐದು ಅವಧಿಗಳಲ್ಲಿ ನಾನು ಹೇಳಿದ ಆ ಜೀವನವನ್ನೂ ಅದರಿಂದ ಹುಟ್ಟಿದ ಚಟುವಟಿಕೆಗಳನ್ನೂ ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಮೂರು ಮಾತಿನ ಬಾಲ್ಯ

ವಿಶ್ವೇಶ್ವರಯ್ಯನವರು 1861ರಲ್ಲಿ ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಸೆಪ್ಟೆಂಬರ್ 15ರ ಅವರ ಹುಟ್ಟುದಿನವನ್ನೇ ನಾವು ಎಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹೆಸರಿನ ಮೊದಲಿಗಿರುವ ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದ ಊರು. ಹಿರಿಯರು ಅಲ್ಲಿಂದ ಬಂದು ಇಲ್ಲಿ ನೆಲೆಸಿದವರು. ಆದ್ದರಿಂದ ಮನೆಮಾತು ತೆಲುಗು, ಊರಿನ ಮತ್ತು ಶಾಲೆಯ ಮಾತು ಕನ್ನಡ, ತಂದೆಯ ವಿದ್ಯೆಯ ಮಾತು ಸಂಸ್ಕೃತ. ಇಂಗ್ಲಿಷ್ ಆಮೇಲೆ ಬಂದದ್ದು.

ಈ ಒಂದು ವಿವರಕ್ಕೆ ತರಗತಿಯಲ್ಲಿ ಆದ ಪರಿಣಾಮವನ್ನು ನಾನು ನಿರೀಕ್ಷಿಸಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು. ಅಷ್ಟು ದೊಡ್ಡವರು ಮನೆಯಲ್ಲಿ ತಮ್ಮ ಹಾಗೆಯೇ ತೆಲುಗು ಮಾತಾಡುತ್ತಿದ್ದರೇ ಎಂದು ಒಬ್ಬ ಹುಡುಗಿ ಎದ್ದು ನಿಂತು ಎರಡು ಸಲ ಕೇಳಿದಳು. ಎರಡು ಭಾಷೆ ಬಲ್ಲ ಮಗುವಿಗೆ ಒಂದು ವಸ್ತುವಿಗೆ ಎರಡು ಹೆಸರು ಇರಬಹುದೆಂಬುದು ಯಾರೂ ಕಲಿಸದೆಯೇ ಗೊತ್ತಿರುತ್ತದೆ. ಮೂರನೆಯ ಹೆಸರನ್ನು ಸೇರಿಸುವುದು ಅದಕ್ಕೆ ಹೊಸ ಕೆಲಸವಲ್ಲ. ಮನೆಮಾತನ್ನು ಇಂಗ್ಲಿಷ್ ಕಲಿಕೆಗೆ ಅಡ್ಡಿಯೆಂದು ಎಣಿಸುವ ನಾವು ಈ ಸಿದ್ಧ ಬಂಡವಾಳವನ್ನು ಬಳಸದೆ ಬಿಡುತ್ತಿದ್ದೇವೆ.

ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ ಆಯಿತು. ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಹೋಗಿ ವೆಸ್ಲಿಯನ್ ಮಿಷನ್ ಹೈಸ್ಕೂಲು ಸೇರಿದರು, ಅಲ್ಲಿಂದ ಸೆಂಟ್ರಲ್ ಕಾಲೇಜಿಗೆ ಹೋದರು. ಕಾಲೇಜಿನ ದಿನಗಳಲ್ಲಿ ಕೊಡಗಿನ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ನೋಡಿಕೊಳ್ಳುತ್ತಿದ್ದರು. ಕಲಿಯುವವನು ಕಲಿಸುವವನೂ ಆದಾಗ ಅರೆಬರೆ ಗೊತ್ತಿದ್ದದ್ದು ನಡೆಯುವುದಿಲ್ಲ. ಬೋಧನಾಭ್ಯಾಸದಲ್ಲಿರುವ ನಮಗೆ ಇದು ದಿನದಿನದ ಅನುಭವ.

ವಾಟರ್ಸ್ ಅವರು ಕೊಟ್ಟ ನಿಘಂಟು

ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ಹುಡುಗನನ್ನು ಗುರುತಿಸಿದರು. ಅವರು ಮುಖ್ಯವಾಗಿ ಮೆಚ್ಚಿದ್ದು ಗಣಿತದಲ್ಲಿ ಇವರಿಗಿದ್ದ ಚುರುಕನ್ನು. ಆದರೆ ಮೆಚ್ಚುಗೆಯ ಗುರುತಾಗಿ ಕೊಟ್ಟದ್ದು ಗಣಿತದ ಪುಸ್ತಕವಲ್ಲ, ತಾವು ಬಳಸುತ್ತಿದ್ದ ವೆಬ್‌ಸ್ಟರ್ ನಿಘಂಟು. ನೋವಾ ವೆಬ್‌ಸ್ಟರ್ 1828ರಲ್ಲಿ ಅಮೆರಿಕದಲ್ಲಿ ಹೊರತಂದ ಮಹಾನಿಘಂಟಿನ ಪರಂಪರೆಗೆ ಸೇರಿದ ಪುಸ್ತಕ ಅದು. ಪದದ ಅರ್ಥ, ಉಚ್ಚಾರಣೆ, ಹುಟ್ಟು ಎಲ್ಲವೂ ಅದರಲ್ಲಿರುತ್ತಿತ್ತು.

ಗುರುಶಿಷ್ಯರ ಈ ಸಂಬಂಧ ಅಲ್ಲಿಗೇ ಮುಗಿಯಲಿಲ್ಲ. ವಾಟರ್ಸ್ ತಮ್ಮ ಉಯಿಲಿನಲ್ಲಿ ತಾವು ಅಂಗಿಯ ತೋಳಿಗೆ ಹಾಕಿಕೊಳ್ಳುತ್ತಿದ್ದ ಚಿನ್ನದ ಗುಂಡಿಗಳನ್ನು ಈ ಭಾರತೀಯ ಶಿಷ್ಯನಿಗೆ ಬರೆದಿದ್ದರು. ಅವರ ಪತ್ನಿ ಅವನ್ನು ತಲುಪಿಸಿದರು. ಚಿನ್ನದ ಗುಂಡಿ ಪ್ರೀತಿಯ ನೆನಪಾಯಿತು. ಜೀವನವನ್ನು ರೂಪಿಸಿದ್ದು ನಿಘಂಟು.

ಇಲ್ಲಿ ನಾನು ಪಾಠವನ್ನು ನಿಲ್ಲಿಸಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ: ಲೆಕ್ಕದಲ್ಲಿ ಜಾಣನಾದ ಹುಡುಗನಿಗೆ ಮೇಷ್ಟರು ನಿಘಂಟನ್ನೇ ಏಕೆ ಕೊಟ್ಟಿರಬಹುದು? ಲೆಕ್ಕ ಹೇಗೂ ಬರುತ್ತಿತ್ತಲ್ಲ, ಬಾರದ್ದನ್ನು ಕೊಟ್ಟಿರಬೇಕು ಎಂದು ಒಬ್ಬನ ಉತ್ತರ. ಲೆಕ್ಕ ಮಾಡಿದರೆ ಸಾಲದು, ಮಾಡಿದ್ದನ್ನು ಬೇರೆಯವರಿಗೆ ತಿಳಿಸಬೇಕಲ್ಲ ಎಂದು ಇನ್ನೊಬ್ಬಳ ಉತ್ತರ. ವಾಟರ್ಸ್ ಮನಸ್ಸಿನಲ್ಲಿ ಏನಿತ್ತೋ, ಎರಡನೆಯ ಉತ್ತರ ಮುಂದಿನ ಕಥೆಗೆ ಸರಿಯಾದ ಬಾಗಿಲಾಯಿತು.

ಕೆಲಸದಲ್ಲಿ ಹದಗೊಂಡ ಮಾತು

1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಆರಂಭದ ದಿನಗಳ ಒಂದು ಪ್ರಸಂಗವನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಖಾಂದೇಶದಲ್ಲಿ ಹರಿವ ನೀರಿಗೆ ಅಡ್ಡಲಾಗಿ ಪೈಪಿನ ಸೈಫನ್ ಹಾಕುವ ಕೆಲಸ ಅವರ ಪಾಲಿಗೆ ಬಂತು. ಕಾಲುವೆಯ ನೀರು ಹಳ್ಳದ ಕೆಳಗೆ ಪೈಪಿನಲ್ಲಿ ಇಳಿದು ಆಚೆ ದಡದಲ್ಲಿ ಮತ್ತೆ ಮೇಲಕ್ಕೆ ಬರುವ ಏರ್ಪಾಡು ಅದು. ಮಳೆಗಾಲ, ಮರಳು ಬಂದು ಕೆಲಸದ ಜಾಗವನ್ನು ಮುಚ್ಚುತ್ತಿತ್ತು. ಮಳೆ ಕಳೆಯುವ ತನಕ ಕೆಲಸ ನಿಲ್ಲಿಸುವುದು ಲೇಸೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿ ಆ ಪತ್ರವನ್ನು ಕೆಲಸಕ್ಕೆ ಹಿಂಜರಿಯುವವನ ಪತ್ರವೆಂದು ಓದಿಕೊಂಡರು, ಅಸಮಾಧಾನ ತೋರಿಸಿದರು. ತರುಣ ಎಂಜಿನಿಯರ್ ಮಳೆಯಲ್ಲೇ ಕೆಲಸ ಮುಂದುವರಿಸಿ ಮುಗಿಸಿದರು. ಅದೇ ಮೇಲಧಿಕಾರಿ ಆಮೇಲೆ ಮೆಚ್ಚಿಕೊಂಡರು.

ಈ ಪ್ರಸಂಗವನ್ನು ಶ್ರಮದ ಕಥೆಯಾಗಿ ಹೇಳುವುದು ವಾಡಿಕೆ. ಇಂಗ್ಲಿಷ್ ತರಗತಿಯಲ್ಲಿ ನಾನು ಅದನ್ನು ಪತ್ರದ ಕಥೆಯಾಗಿ ಹೇಳಿದೆ. ನಿಲ್ಲಿಸುವುದು, ಮುಂದೂಡುವುದು, ಕೈಬಿಡುವುದು, ತಡಮಾಡುವುದು ಇವು ನಾಲ್ಕೂ ಕನ್ನಡದಲ್ಲಿ ಬೇರೆ ಬೇರೆ. ಮುಂದೂಡಿದೆ ಎಂದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಕೈಬಿಟ್ಟೆ ಎಂದರೆ ಸಿಟ್ಟಾಗುತ್ತಾರೆ. ಇಂಗ್ಲಿಷಿನಲ್ಲಿಯೂ ಸ್ಟಾಪ್, ಪೋಸ್ಟ್‌ಪೋನ್, ಅಬ್ಯಾಂಡನ್, ಡಿಲೇ ಎಂಬ ನಾಲ್ಕು ಪದಗಳಿವೆ. ಮಕ್ಕಳಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಉಳಿದ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು, ಮಳೆಯಲ್ಲಿ ಕೆಲಸ ನಿಂತಿರುವ ಎಂಜಿನಿಯರ್ ಯಾವುದನ್ನು ಬರೆಯಬೇಕೆಂದು ಗುಂಪುಗಳಲ್ಲಿ ಚರ್ಚಿಸಲು ಹೇಳಿದೆ. ನಲವತ್ತು ನಿಮಿಷದ ಅವಧಿಯಲ್ಲಿ ಕಲಿತದ್ದು ಮೂರೇ ಪದ. ಆದರೆ ಒಂದೊಂದು ಪದವೂ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದರೊಂದಿಗೆ ಬಂತು. ಮುಂದಿನ ವಾರ ಆಟದ ಅವಧಿ ಮಳೆಯಿಂದ ನಿಂತಾಗ, ಅದು ಪೋಸ್ಟ್‌ಪೋನ್ ಆಗಿದೆಯೋ ಕ್ಯಾನ್ಸಲ್ ಆಗಿದೆಯೋ ಎಂದು ಮಕ್ಕಳು ನನ್ನನ್ನೇ ಕೇಳಿದರು.

ಮುಂಬಯಿ ಸೇವೆಯ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರ ಕೆಲಸಗಳು ಬೆಳೆದಂತೆ ಮಾತೂ ಬೆಳೆಯಿತು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರು ಒದಗಿಸಿದರು. ದಖ್ಖನ್ನಿನ ಕಾಲುವೆಗಳಿಗೆ ಬ್ಲಾಕ್ ಪದ್ಧತಿ ಎಂಬ ನೀರಾವರಿ ಕ್ರಮವನ್ನು ರೂಪಿಸಿದರು. ಜಮೀನನ್ನು ಪಾಲುಗಳಾಗಿ ಮಾಡಿ, ಪ್ರತಿ ಪಾಲಿನಲ್ಲೂ ಬೆಳೆಗಳನ್ನು ಸರದಿಯಂತೆ ಬದಲಾಯಿಸಿ, ಕಡಿಮೆ ನೀರು ಹೆಚ್ಚು ರೈತರಿಗೆ ದೊರೆಯುವಂತೆ ಮಾಡುವ ಕ್ರಮ ಅದು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳಿಗೆ ಪೇಟೆಂಟ್ ಪಡೆದರು. ನೀರು ಗೊತ್ತಾದ ಮಟ್ಟಕ್ಕೆ ಏರಿದಾಗ ಬಾಗಿಲು ತಾನೇ ತೆರೆದುಕೊಂಡು ಹೆಚ್ಚಿನ ನೀರನ್ನು ಬಿಡುತ್ತದೆ, ಮಟ್ಟ ಇಳಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬ್ಲಾಕ್, ಗೇಟ್ ಇವು ಚಿಕ್ಕ ಪದಗಳು, ನಾಲ್ಕನೆಯ ತರಗತಿಯ ಮಗುವಿಗೂ ಗೊತ್ತು. ಅವನ್ನು ಉನ್ನತ ಮಟ್ಟದ ಪದಗಳನ್ನಾಗಿ ಮಾಡಿದ್ದು ಅವುಗಳ ಉದ್ದವಲ್ಲ, ಅವಕ್ಕೆ ಕೊಟ್ಟ ಖಚಿತವಾದ ಅರ್ಥ. ಹೀಗಿರುವಾಗ ಉನ್ನತ ಪದ ಕಲಿಸುವುದೆಂದರೆ ಅಕ್ಷರಗಳನ್ನು ಎಣಿಸುವುದಲ್ಲ. ಗೊತ್ತಿರುವ ಪದವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿಯಲು ಕಲಿಸುವುದೂ ಅದರಲ್ಲಿ ಸೇರಿದೆ.

ದಿವಾನರ ಕಾಲ

1908ರಲ್ಲಿ ಅವರು ಮುಂಬಯಿ ಸೇವೆಯಿಂದ ತಾವಾಗಿಯೇ ನಿವೃತ್ತರಾದರು. ಆ ವರ್ಷ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ತತ್ತರಿಸಿತ್ತು. ಮುಂದೆ ಅಂಥದ್ದು ಆಗದಂತೆ ತಡೆಯುವ ಯೋಜನೆಯನ್ನು ನಿಜಾಮರ ಸರ್ಕಾರಕ್ಕಾಗಿ ಸಿದ್ಧಪಡಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರ ತನಕ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಶಿಕ್ಷಕರಾಗುವ ನಮಗೆ ಆ ಆರು ವರ್ಷಗಳಲ್ಲಿ ಬೇರೆ ವಿಷಯಗಳಿವೆ.

ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ದಾರಿ ಮಾಡಿಕೊಟ್ಟ ಕಾನೂನು ಸಂಸ್ಥಾನದಲ್ಲಿ 1913ರಲ್ಲಿ ಬಂತು. ಅವರು ಅಧಿಕಾರ ವಹಿಸಿಕೊಂಡಾಗ ಸುಮಾರು 4,500 ಶಾಲೆಗಳಿದ್ದವು. ಆರು ವರ್ಷಗಳಲ್ಲಿ ಸುಮಾರು 6,500 ಹೊಸ ಶಾಲೆಗಳು ಸೇರಿದವು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೆ ಒಂದು ವರ್ಷ ಮೊದಲು, 1915ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಅದರ ಹುಟ್ಟಿಗೆ ಮಹಾರಾಜರ ಮತ್ತು ದಿವಾನರ ಬೆಂಬಲವಿತ್ತು. ತಮ್ಮ ಪುಸ್ತಕಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದ ಮನುಷ್ಯ ಕನ್ನಡದ ಸಂಸ್ಥೆಗೆ ನೀರೆರೆದರು. ಇಂಗ್ಲಿಷ್ ಪದಗಳನ್ನು ಕೂಡಿಹಾಕಿಕೊಳ್ಳಲು ಕನ್ನಡವನ್ನು ಹೊರಗೆ ಹಾಕಬೇಕಾಗಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತನ್ನೂ ಮಕ್ಕಳಿಗೆ ಮುಚ್ಚಿಡಬಾರದು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಆದ್ಯತೆ ಕೊಡುವ ಬಗ್ಗೆ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಈ ವಿಚಾರದಲ್ಲಿ ಮಹಾರಾಜರಿಗೂ ದಿವಾನರಿಗೂ ಅಭಿಪ್ರಾಯಭೇದ ಬಂದು ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬುದು ಅವರ ನಿಲುವು. ಮಂಡಿಕಲ್ಲಿನ ತರಗತಿಯಲ್ಲಿ ನಿಂತು ನಾನು ಆ ನಿಲುವನ್ನು ಯೋಚಿಸಿದೆ. ಬಡತನವನ್ನು ಅವರೂ ಕಂಡವರೇ. ಆದರೆ ಅವರ ಮನೆಯಲ್ಲಿ ಓಲೆ, ಪುಸ್ತಕ, ಪಂಡಿತನಾದ ತಂದೆ ಇದ್ದರು. ನನ್ನ ಎದುರಿಗಿದ್ದ ಮಕ್ಕಳಲ್ಲಿ ಹಲವರು ತಮ್ಮ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲಿಗರು. ಅವರ ತಂದೆತಾಯಿ ಬೆಳಗ್ಗೆ ಹಿಪ್ಪುನೇರಳೆ ಸೊಪ್ಪಿಗೋ ಟೊಮೊಟೊ ಬಿಡಿಸುವುದಕ್ಕೋ ಹೋಗುವವರು. ಮನೆಯಲ್ಲಿ ನಿಘಂಟು ಇಲ್ಲದ ಮಗುವಿನ ಅರ್ಹತೆಯನ್ನು ನಿಘಂಟು ಇದ್ದ ಮಗುವಿನ ಪಕ್ಕದಲ್ಲಿ ನಿಲ್ಲಿಸಿ ಅಳೆಯುವ ಮೊದಲು ಯಾರಾದರೂ ಅದರ ಕೈಗೆ ನಿಘಂಟು ಕೊಡಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಆ ಕೆಲಸವನ್ನು ವಾಟರ್ಸ್ ಮಾಡಿದರು. ಹಳ್ಳಿಯ ಶಾಲೆಯಲ್ಲಿ ಅದನ್ನು ಮಾಡಬೇಕಾದವರು ನಾವು.

ಬರೆದು ತಿದ್ದುವ ಅಭ್ಯಾಸ

ದಿವಾನಗಿರಿ ಬಿಟ್ಟ ಮೇಲೆ ಅವರು ಇನ್ನೂ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದರು, ಬರೆದರು. 1920ರಲ್ಲಿ ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ, 1934ರಲ್ಲಿ ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ, 1951ರಲ್ಲಿ ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್ ಪ್ರಕಟವಾದವು. ಕೊನೆಯ ಪುಸ್ತಕ ಬಂದಾಗ ಅವರಿಗೆ ತೊಂಬತ್ತರ ಆಸುಪಾಸು.

ಅವರನ್ನು ಹತ್ತಿರದಿಂದ ಬಲ್ಲ ಡಿ.ವಿ. ಗುಂಡಪ್ಪನವರು ತಮ್ಮ ಜ್ಞಾಪಕ ಚಿತ್ರಶಾಲೆಯಲ್ಲಿ ಅವರ ವಿಚಾರವಾಗಿ ಬರೆದಿದ್ದಾರೆ. ಯಾವ ಬರಹವನ್ನೂ ಅವರು ಮೊದಲ ಕರಡಿಗೆ ಬಿಡುತ್ತಿರಲಿಲ್ಲ. ಬರೆದು, ತಿದ್ದಿ, ಬೇರೆಯವರಿಗೆ ತೋರಿಸಿ, ಮತ್ತೆ ಬರೆಸಿ, ಮತ್ತೆ ತಿದ್ದುತ್ತಿದ್ದರು. ಸಮೀಪದ ಪದ ಸಿಕ್ಕಿತೆಂದು ತೃಪ್ತರಾಗದೆ ಸರಿಯಾದ ಪದಕ್ಕಾಗಿ ಕಾಯುತ್ತಿದ್ದರು. ಮುಪ್ಪಿನಲ್ಲಿಯೂ ನಿಘಂಟು ಅವರ ಕೈಗೆಟಕುವಂತೆ ಇರುತ್ತಿತ್ತು ಎಂದು ಅವರನ್ನು ಕಂಡವರು ನೆನೆದಿದ್ದಾರೆ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡುವುದು ಎಲ್ಲರೂ ಮಾಡುವ ಕೆಲಸ. ಗೊತ್ತಿದೆ ಎಂದುಕೊಂಡ ಪದಕ್ಕೂ ನಿಘಂಟು ನೋಡುವುದು ಅವರ ಅಭ್ಯಾಸ. ಎಂಜಿನಿಯರ್ ಕಣ್ಣಂದಾಜಿನಲ್ಲಿ ಹತ್ತಡಿ ಎಂದು ಕಂಡರೂ ಟೇಪು ಹಿಡಿದು ಅಳೆಯುತ್ತಾನಲ್ಲ, ಇದೂ ಹಾಗೆಯೇ.

ಅವರ ಪುಸ್ತಕಗಳ ಹೆಸರುಗಳೇ ಪದಪಾಠಕ್ಕೆ ಒಳ್ಳೆಯ ಸಾಮಗ್ರಿ. ರೀಕನ್‌ಸ್ಟ್ರಕ್ಟ್ ಎಂದರೆ ಮತ್ತೆ ಕಟ್ಟುವುದು. ಮುಂದಿರುವ ರೀ ಎಂಬ ತುಣುಕನ್ನು ಬಿಡಿಸಿ ತೋರಿಸಿದರೆ ರೀರೈಟ್, ರೀಬಿಲ್ಡ್, ರೀಯೂಸ್, ರೀಪ್ಲೇಸ್ ಎಂದು ಮಕ್ಕಳೇ ಸಾಲು ಕಟ್ಟುತ್ತಾರೆ. ಒಂದು ಪದಕ್ಕಾಗಿ ಹೋಗಿ ಐದು ಪದ ಹೊತ್ತುಕೊಂಡು ಬರುತ್ತಾರೆ. ಇನ್ನು 1951ರ ಪುಸ್ತಕ. ಅದನ್ನು ಆಟೋಬಯಾಗ್ರಫಿ ಎಂದು ಕರೆಯಬಹುದಿತ್ತು. ಅವರು ಕರೆದದ್ದು ಮೆಮಾಯರ್ಸ್ ಎಂದು. ಅದೂ ತಮ್ಮ ಬದುಕಿನದ್ದಲ್ಲ, ಕೆಲಸದ ಬದುಕಿನದ್ದು. ಆತ್ಮಕಥೆ ಎಂದರೆ ಇಡೀ ಜೀವನವನ್ನು ಹೇಳುವ ಹೊಣೆ ಬೀಳುತ್ತದೆ. ಮೆಮಾಯರ್ಸ್ ಎಂದರೆ ಆಯ್ದ ನೆನಪುಗಳು. ಪುಸ್ತಕ ತೆರೆದು ನೋಡಿದರೆ ಮನೆಯ ಮಾತು ಕಡಿಮೆ, ಕೆಲಸದ ಮಾತೇ ಎಲ್ಲ. ಹೊದಿಕೆಯ ಮೇಲಿನ ಪದ ಒಳಗಿರುವುದಕ್ಕಿಂತ ಒಂದಿಷ್ಟೂ ಹೆಚ್ಚು ಹೇಳುವುದಿಲ್ಲ, ಕಡಿಮೆಯೂ ಹೇಳುವುದಿಲ್ಲ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಹುಟ್ಟೂರಿನಲ್ಲಿಯೇ ನಡೆಯಿತು. ಮುದ್ದೇನಹಳ್ಳಿಯ ಸ್ಮಾರಕದಲ್ಲಿ ಬಿರುದು, ಪದಕಗಳ ಜೊತೆಗೆ ಅವರ ಕನ್ನಡಕ, ಬರವಣಿಗೆಯ ಸಾಮಗ್ರಿ, ವೆಬ್‌ಸ್ಟರ್ ನಿಘಂಟು ಇವೆ. ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಪದಕಗಳ ಮುಂದೆ ನಿಲ್ಲುವಷ್ಟು ಹೊತ್ತು ಆ ನಿಘಂಟಿನ ಮುಂದೆಯೂ ನಿಲ್ಲಬೇಕೆಂದು ನನ್ನ ಕೋರಿಕೆ.

ತರಗತಿಯಲ್ಲಿ ಮಾಡಿದ್ದು

ಜೀವನವನ್ನು ಹೇಳಿ ಬಿಟ್ಟರೆ ಅದು ಭಾಷಣವಾಗುತ್ತದೆ. ಆದ್ದರಿಂದ ಪ್ರತಿ ಭಾಗದ ಜೊತೆ ಒಂದು ಚಟುವಟಿಕೆಯನ್ನು ಇಟ್ಟುಕೊಂಡಿದ್ದೆ. ಅವುಗಳಲ್ಲಿ ನಾಲ್ಕನ್ನು ಬರೆಯುತ್ತೇನೆ.

1. ಕೆರೆಯ ಪದಗಳು. ವಿಶ್ವೇಶ್ವರಯ್ಯನವರು ನೀರಿನ ಎಂಜಿನಿಯರ್. ಈ ಕಡೆಯ ಮಕ್ಕಳಿಗೆ ಕೆರೆ ಪಠ್ಯಪುಸ್ತಕದ ವಸ್ತುವಲ್ಲ. ಕೆರೆಯ ಚಿತ್ರ ಬರೆದು, ಭಾಗಗಳ ಹೆಸರನ್ನು ಮಕ್ಕಳಿಂದಲೇ ಕೇಳಿದೆ. ಏರಿ, ತೂಬು, ಕೋಡಿ, ಕಾಲುವೆ, ಹೂಳು ಎಲ್ಲವೂ ಬಂದವು. ತೆಲುಗು ಮನೆಮಾತಿನವರು ಚೆರುವು, ಕಟ್ಟ, ತೂಮು ಎಂದರು. ಮೂರನೆಯ ಸಾಲಿನಲ್ಲಿ ಟ್ಯಾಂಕ್ ಬಂಡ್, ಸ್ಲೂಯಿಸ್, ವೀರ್, ಕೆನಾಲ್, ಸಿಲ್ಟ್ ಎಂದು ಬರೆದೆ. ಸ್ಲೂಯಿಸ್, ವೀರ್, ಸಿಲ್ಟ್ ಇವು ಪಟ್ಟಣದ ಕಾಲೇಜು ವಿದ್ಯಾರ್ಥಿಗಳಿಗೂ ಕಷ್ಟದ ಪದಗಳು. ಇಲ್ಲಿ ಅವು ಅವತ್ತೇ ನಾಲಿಗೆಗೆ ಹತ್ತಿದವು. ಕಾರಣ ಸರಳ: ಪಟ್ಟಣದವನು ವಸ್ತುವನ್ನೂ ಪದವನ್ನೂ ಒಟ್ಟಿಗೆ ಕಲಿಯಬೇಕು, ಇವರಿಗೆ ವಸ್ತು ಗೊತ್ತಿದೆ, ಹೆಸರು ಮಾತ್ರ ಸೇರಬೇಕು. ಕೋಡಿ ಹರಿಯುವುದನ್ನು ಕಣ್ಣಾರೆ ಕಂಡ ಮಗುವಿಗೆ ವೀರ್ ಎಂಬ ಪದ ಕಠಿಣವಲ್ಲ.

2. ಮೂರು ಅಂಕಣದ ಪುಸ್ತಕ. ಪ್ರತಿ ಮಗುವೂ ಹಳೆಯ ನೋಟ್‌ಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದುಕೊಂಡು ಪದಪುಸ್ತಕ ಮಾಡಿಕೊಂಡಿತು. ಮನೆಯ ಪದ, ಕನ್ನಡ ಪದ, ಇಂಗ್ಲಿಷ್ ಪದ ಎಂದು ಮೂರು ಅಂಕಣ, ಕೆಳಗೆ ತಾನೇ ಕಟ್ಟಿದ ಒಂದು ವಾಕ್ಯ. ದಿನಕ್ಕೆ ಎರಡೇ ಪದ. ಪಠ್ಯದಿಂದ ಒಂದು, ತನ್ನ ಮನೆ, ಹೊಲ, ಸಂತೆಯಿಂದ ಒಂದು. ಎರಡನೆಯದನ್ನು ಮಗುವೇ ಹುಡುಕಿ ತರಬೇಕು. ರೇಷ್ಮೆಹುಳುವಿನ ಗೂಡಿಗೆ ಕಕೂನ್, ಹುಳುಗಳು ಗೂಡು ಕಟ್ಟುವ ಚಂದ್ರಿಕೆಗೆ ಇಂಗ್ಲಿಷಿನಲ್ಲಿಯೂ ಚಂದ್ರಿಕೆಯೇ ಎಂದು ತಿಳಿದಾಗ ತರಗತಿ ನಕ್ಕಿತು. ನಮ್ಮ ಪದವೂ ಅವರಲ್ಲಿಗೆ ಹೋಗುತ್ತದೆ ಎಂಬ ಹಿಗ್ಗು ಆ ನಗುವಿನಲ್ಲಿತ್ತು.

3. ಮೇಜಿನ ಮೇಲಿನ ನಿಘಂಟು. ನನ್ನ ಇಂಗ್ಲಿಷ್ ಕನ್ನಡ ನಿಘಂಟನ್ನು ಅವಧಿಯುದ್ದಕ್ಕೂ ಮುಂದಿನ ಮೇಜಿನ ಮೇಲೆ ಇಡುತ್ತಿದ್ದೆ. ಅರ್ಥ ಕೇಳಿದ ಮಗುವಿಗೆ ನಾನು ಹೇಳುತ್ತಿರಲಿಲ್ಲ, ಬಂದು ನೋಡಿ ಎಲ್ಲರಿಗೂ ಓದಿ ಹೇಳಬೇಕು. ಅಕ್ಷರಾನುಕ್ರಮದಲ್ಲಿ ಪದ ಹುಡುಕುವುದು ಹಲವರಿಗೆ ಮೊದಮೊದಲು ತಡವಾಗುತ್ತಿತ್ತು. ಪುಟದ ತಲೆಯಲ್ಲಿರುವ ಸೂಚಕ ಪದಗಳನ್ನು ನೋಡುವುದನ್ನು ಕಲಿಸಿದ ಮೇಲೆ ಬೇಗ ಸಿಗತೊಡಗಿತು. ಒಂದು ಪದಕ್ಕೆ ನಾಲ್ಕಾರು ಅರ್ಥಗಳಿದ್ದಾಗ ನಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೆ ಎಂದು ತರಗತಿಯೇ ತೀರ್ಮಾನಿಸಬೇಕು. ಪದಸಂಪತ್ತಿನ ನಿಜವಾದ ಪಾಠ ನಡೆದದ್ದು ಆ ತೀರ್ಮಾನದ ಹೊತ್ತಿನಲ್ಲಿ.

4. ಎರಡನೆಯ ಕರಡು. ನಮ್ಮೂರಿನ ಕೆರೆ ಎಂಬ ವಿಷಯದ ಮೇಲೆ ಐದು ಇಂಗ್ಲಿಷ್ ವಾಕ್ಯ ಬರೆಸಿದೆ. ತಿದ್ದಿ ಅಂಕ ಹಾಕುವ ಬದಲು, ಬಿಗ್, ಗುಡ್, ನೈಸ್, ಥಿಂಗ್ ಎಂಬ ನಾಲ್ಕು ಪದಗಳ ಅಡಿಗೆ ಗೆರೆ ಎಳೆದು ಮರಳಿ ಕೊಟ್ಟೆ. ಗೆರೆ ಎಳೆದ ಕಡೆ ಇನ್ನೂ ಸರಿಯಾದ ಪದ ಹಾಕಿ ಮತ್ತೆ ಬರೆಯಬೇಕು. ದೊಡ್ಡ ಕೆರೆ ಆಳವಾದದ್ದೋ ಅಗಲವಾದದ್ದೋ ಎಂದು ಮಗು ಯೋಚಿಸಬೇಕಾಯಿತು. ಡೀಪ್, ವೈಡ್ ಇವು ಕಷ್ಟದ ಪದಗಳಲ್ಲ. ಆದರೆ ಬಿಗ್‌ನಿಂದ ಡೀಪ್‌ಗೆ ಹೋದ ಮಗು ಒಂದು ದಿನ ಶ್ಯಾಲೋ ಎಂಬ ಪದವನ್ನೂ ತಾನೇ ಹುಡುಕಿಕೊಂಡು ಹೋಗುತ್ತದೆ. ನಮ್ಮ ತರಗತಿಯಲ್ಲಿ ಇಬ್ಬರು ಹೋದರು.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ಕೊನೆಯ ಅವಧಿಯಲ್ಲಿ ಪದಗಳ ಅರ್ಥ ಕೇಳುವ ಕಿರುಪರೀಕ್ಷೆ ಇಡಲಿಲ್ಲ. ಪದಪುಸ್ತಕದಿಂದ ತಮಗೆ ಇಷ್ಟವಾದ ಐದು ಪದಗಳನ್ನು ಬಳಸಿ ಗೆಳೆಯನಿಗೆ ಒಂದು ಪತ್ರ ಬರೆಯಲು ಹೇಳಿದೆ. ವ್ಯಾಕರಣ ಎಲ್ಲರದೂ ಸರಿಯಿರಲಿಲ್ಲ. ಆದರೆ ಹಾಳೆ ಖಾಲಿ ಬಿಟ್ಟವರು ಯಾರೂ ಇರಲಿಲ್ಲ. ಮೊದಲ ದಿನ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಲು ಹೇಳಿದಾಗ ಪೆನ್ನು ಮುಟ್ಟದೆ ಕುಳಿತವರನ್ನು ಕಂಡಿದ್ದ ನನಗೆ ಇದು ಸಣ್ಣ ಸಂಗತಿಯಾಗಿ ತೋರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಬೇರೆ ಊರಿನಲ್ಲಿ ಮಾಡುವವರು ಆ ಊರಿನ ಸಮೀಪದವರೊಬ್ಬರನ್ನು ಆರಿಸಿಕೊಳ್ಳಬಹುದು. ಮುಳಬಾಗಿಲಿನ ಕಡೆಯವರಿಗೆ ಡಿ.ವಿ.ಜಿ.ಯವರೇ ಇದ್ದಾರೆ. ಕಾಲೇಜು ಮೆಟ್ಟಿಲು ಹತ್ತದ ಅವರು 1913ರಲ್ಲಿ ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು. ಯಾರನ್ನೇ ಆರಿಸಿದರೂ ಅವರ ಸಾಧನೆಗಳ ಪಟ್ಟಿಯನ್ನು ಕಡಿಮೆ ಮಾಡಿ, ಅವರು ಪದವನ್ನು ಹೇಗೆ ಹಿಡಿಯುತ್ತಿದ್ದರು ಎಂಬುದನ್ನು ಹೆಚ್ಚು ಹೇಳಬೇಕು. ಭಾರತರತ್ನ ತಮಗೆ ಬರುವುದಿಲ್ಲವೆಂದು ಮಕ್ಕಳಿಗೆ ಗೊತ್ತು. ನಿಘಂಟು ತೆರೆಯುವುದು ಮಾತ್ರ ನಾಳೆಯೇ ಸಾಧ್ಯ.

ಪದಪಟ್ಟಿಯನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಮ್ಮ ಮಕ್ಕಳಿಗೆ ತಪ್ಪಿದ್ದಲ್ಲ. ಆದರೆ ಪಟ್ಟಿಯಲ್ಲಿರುವ ಪದಕ್ಕೆ ಮೂರು ಕೆಲಸ ಮಾಡಿಸದೆ ಮುಂದಿನ ಪದಕ್ಕೆ ಹೋಗಬಾರದು. ಮಗು ಅದನ್ನು ತಾನೇ ನಿಘಂಟಿನಲ್ಲಿ ನೋಡಿರಬೇಕು, ತನ್ನ ಬದುಕಿನ ಒಂದು ವಸ್ತುವಿಗೋ ಸಂದರ್ಭಕ್ಕೋ ಕಟ್ಟಿರಬೇಕು, ಬರೆದು ಒಮ್ಮೆಯಾದರೂ ತಿದ್ದಿರಬೇಕು. ಮುದ್ದೇನಹಳ್ಳಿಯ ಹುಡುಗ ಕೊನೆಯ ತನಕ ಮಾಡಿದ್ದು ಈ ಮೂರನ್ನೇ. ಉಪಕರಣಕ್ಕೆ ದುಡ್ಡು ಬೇಕಾಗಿಲ್ಲ. ಒಂದು ನಿಘಂಟು, ಹೊಲಿದ ಹಾಳೆಗಳು, ಮಕ್ಕಳು ದಿನವೂ ನೋಡುವ ಒಂದು ಕೆರೆ, ಇಷ್ಟು ಸಾಕು. ನಿಯೋಜನೆ ಮುಗಿಸಿ ಬರುವಾಗ ಸಾಧ್ಯವಿದ್ದವರು ಆ ನಿಘಂಟನ್ನು ತರಗತಿಗೇ ಬಿಟ್ಟುಬರಲಿ.